ಬೆನ್ನುಹುರಿಗೆ ಪೆಟ್ಟಾಗಿ ಸೇನೆಯಿಂದ ಬಿಡುಗಡೆಯಾದ ಅಣ್ಣನಿಗೂ ಅವನ ಮನೆಯವರಿಗೂ ಸಿಗಬೇಕಾದುದೇನು?

ಪ್ರಶ್ನೆ: ಗೋಕಾಕ ತಾಲ್ಲೂಕಿನ ತಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಭೂಸೇನೆಯಲ್ಲಿ ನಾಯಕ್ ಆಗಿದ್ದ, ಹದಿಮೂರು ವರ್ಷ ಸೇವೆ ಮುಗಿಸಿದ್ದ. ಅರುಣಾಚಲ ಪ್ರದೇಶದ ಬೆಟ್ಟದ ರಸ್ತೆಯಲ್ಲಿ ರೇಷನ್ ಸಾಗಿಸುತ್ತಿದ್ದ ಸೇನಾ ವಾಹನ ಕಂದಕಕ್ಕೆ ಉರುಳಿದಾಗ ಅವನ ಬೆನ್ನುಹುರಿಗೆ ಪೆಟ್ಟು ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಎರಡು ಸೇನಾ ಆಸ್ಪತ್ರೆಗಳಲ್ಲಿ ಒಟ್ಟು ಹದಿನಾಲ್ಕು ತಿಂಗಳು ಚಿಕಿತ್ಸೆಯಾದ ಮೇಲೆ ವೈದ್ಯಕೀಯ ಮಂಡಳಿ ಅಂಗವೈಕಲ್ಯವನ್ನು ಶೇ 100 ಎಂದೂ, ಅದು ಸೇವೆಯ ಕಾರಣದಿಂದಲೇ ಆದದ್ದೆಂದೂ ಬರೆದು ಅವನನ್ನು ಸೇವೆಗೆ ಅನರ್ಹನೆಂದು ಬೋರ್ಡ್‌ಔಟ್ ಮಾಡಿತು. ಈಗ ಎಂಟು ತಿಂಗಳಿಂದ ಊರಲ್ಲಿದ್ದಾನೆ.

ಪಿಂಚಣಿ ಬರುತ್ತಿದೆ, ಆದರೆ ಅದರಲ್ಲಿ ಅಂಗವೈಕಲ್ಯದ ಭಾಗ ಸೇರಿಲ್ಲವೆಂದು ಅವನ ಜೊತೆಗಾರರು ಹೇಳುತ್ತಾರೆ. ಸಂಬಂಧಪಟ್ಟ ಒಂದು ಕಚೇರಿಗೆ ಮೂರು ಸಲ ಹೋಗಿಬಂದೆ. ಮೊದಲ ಸಲ ಬ್ಯಾಂಕಿನಲ್ಲಿ ಕೇಳಿ ಎಂದರು, ಎರಡನೆಯ ಸಲ ಕಾಯಿರಿ ಎಂದರು, ಮೂರನೆಯ ಸಲ ಕಾಗದ ನೋಡಬೇಕಾದವರೇ ರಜೆಯಲ್ಲಿದ್ದರು. ಆ ಕಚೇರಿಯ ಹೆಸರು ಬರೆದು ಯಾರನ್ನೂ ನೋಯಿಸುವ ಇಚ್ಛೆ ನನಗಿಲ್ಲ, ದಾರಿ ತಿಳಿದರೆ ಸಾಕು.

ಹಣಕ್ಕಿಂತ ಹೆಚ್ಚು ಕಾಡುವ ಸಂಗತಿಗಳು ಬೇರೆ ಇವೆ. ಹಗಲೂ ರಾತ್ರಿ ಅಣ್ಣನನ್ನು ಮಗ್ಗುಲು ಬದಲಾಯಿಸಿ ಮಲಗಿಸುವವರು ಅತ್ತಿಗೆಯೊಬ್ಬರೇ. ನಾನು ನೂಲಿನ ಗಿರಣಿಯಲ್ಲಿ ಪಾಳಿ ಕೆಲಸ ಮಾಡುವವನು, ರಾತ್ರಿ ಪಾಳಿ ಇದ್ದಾಗ ಅವರಿಗೆ ನೆರವಾಗಲು ಆಗುವುದಿಲ್ಲ. ಹಿರಿಯ ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಒಂಬತ್ತು ವರ್ಷದ ಮಗಳಿಗೆ ಬೌದ್ಧಿಕ ಅಂಗವೈಕಲ್ಯವಿದೆ. ತಾನು ಹೋದ ಮೇಲೆ ಈ ಮಗುವನ್ನು ಯಾರು ನೋಡುತ್ತಾರೆ ಎಂದು ಅಣ್ಣ ಮೊನ್ನೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪುಣೆಯ ಖಡಕಿಯಲ್ಲಿರುವ ಪುನರ್ವಸತಿ ಕೇಂದ್ರಕ್ಕೆ ಕಳುಹಿಸಿ ಎಂದು ಆಸ್ಪತ್ರೆಯವರು ಹೇಳಿದ್ದರು. ಹೆತ್ತ ಮಗನನ್ನು ಆಶ್ರಮಕ್ಕೆ ಬಿಟ್ಟರೆಂದು ಊರು ಆಡಿಕೊಳ್ಳುತ್ತದೆ ಎಂದು ನಮ್ಮ ತಾಯಿ ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ನಿವೃತ್ತ ಸುಬೇದಾರ್, ಬೆಳಗಾವಿ

ತಮ್ಮಾ, ನಾನು ಇಪ್ಪತ್ತೆರಡು ವರ್ಷ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನಲ್ಲಿ ಗುಮಾಸ್ತನ ಕೆಲಸ ಮಾಡಿದವನು. ಬ್ಯಾಂಕಿಗೆ ಅಲೆಯುವುದನ್ನು ಮೊದಲು ನಿಲ್ಲಿಸಿ. ಬ್ಯಾಂಕು ಬಂದ ಹಣವನ್ನು ಖಾತೆಗೆ ಹಾಕುತ್ತದೆ, ಎಷ್ಟು ಹಣ ಎಂದು ನಿರ್ಧರಿಸುವುದಿಲ್ಲ. ರೆಕಾರ್ಡ್ಸ್ ಆಫೀಸು ದಾಖಲೆ ಸಿದ್ಧಪಡಿಸಿ ಕಳುಹಿಸಬೇಕು, ಪ್ರಯಾಗರಾಜದ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿ ಮಂಜೂರು ಮಾಡಬೇಕು, ಬಳಿಕ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಿಂದ ಪಾವತಿಯಾಗುತ್ತದೆ. ಮೊದಲ ಹೆಜ್ಜೆಯಲ್ಲಿ ಒಂದು ಕಾಗದ ಬಿಟ್ಟುಹೋದರೂ ಮುಂದಿನವರು ಏನೂ ಮಾಡಲಾರರು.

ಆದ್ದರಿಂದ ಮೂರು ದಾಖಲೆಗಳನ್ನು ಕೈಗೆ ತಂದುಕೊಳ್ಳಿ. ಒಂದು, ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಓ. ಎರಡು, ಬಿಡುಗಡೆಯ ಸಮಯದ ವೈದ್ಯಕೀಯ ಮಂಡಳಿಯ ಪೂರ್ಣ ನಡಾವಳಿ. ಮೂರು, ಅಪಘಾತದ ಇಂಜುರಿ ರಿಪೋರ್ಟ್ ಮತ್ತು ಸೇನೆಯೊಳಗಿನ ವಿಚಾರಣೆಯಾದ ಕೋರ್ಟ್ ಆಫ್ ಎನ್‌ಕ್ವಯರಿಯ ತೀರ್ಮಾನ. ಈ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದರೆ ಎಲ್ಲಿ ತಪ್ಪಿದೆ ಎನ್ನುವುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಅಂಗವೈಕಲ್ಯ ಪಿಂಚಣಿಗೆ ಎರಡು ಭಾಗಗಳಿವೆ. ಸರ್ವಿಸ್ ಎಲಿಮೆಂಟ್ ಎನ್ನುವುದು ಕೊನೆಯ ವೇತನದ ಅರ್ಧ. ಸಾಮಾನ್ಯ ಪಿಂಚಣಿಗೆ ಜವಾನನ ಸೇವೆ ಹದಿನೈದು ವರ್ಷ ತುಂಬಿರಬೇಕು, ಆದರೆ ಸೇವೆಯ ಕಾರಣದಿಂದ ಅಂಗವಿಕಲನಾಗಿ ಬೋರ್ಡ್‌ಔಟ್ ಆದವನಿಗೆ ಈ ಕನಿಷ್ಠ ಅವಧಿಯ ನಿಯಮವಿಲ್ಲ. ನಿಮ್ಮ ಅಣ್ಣನಿಗೆ ಹದಿಮೂರು ವರ್ಷಕ್ಕೇ ಪಿಂಚಣಿ ಬಂದದ್ದು ಹಾಗೆ. ಎರಡನೆಯದು ಡಿಸೆಬಿಲಿಟಿ ಎಲಿಮೆಂಟ್. ಶೇ 100 ಅಂಗವೈಕಲ್ಯಕ್ಕೆ ಇದು ಕೊನೆಯ ವೇತನದ ಶೇ 30. ಮಿಲಿಟರಿ ಸರ್ವಿಸ್ ಪೇ ಸೇರಿ ಕೊನೆಯ ವೇತನ ರೂ. 40,000 ಇತ್ತೆಂದುಕೊಂಡರೆ, ಮೊದಲ ಭಾಗ 20,000, ಎರಡನೆಯದು 12,000, ಎರಡರ ಮೇಲೂ ತುಟ್ಟಿಭತ್ಯೆ. ನಿಮ್ಮ ಪಿಪಿಓದಲ್ಲಿ ಎರಡನೆಯ ಸಾಲು ಖಾಲಿಯಿದ್ದರೆ ತಿಂಗಳಿಗೆ ಎಷ್ಟು ನಷ್ಟವಾಗುತ್ತಿದೆ ಎಂದು ನೀವೇ ಲೆಕ್ಕ ಹಾಕಬಹುದು. ಬಿಡುಗಡೆಯಾದ ದಿನದಿಂದ ಬಾಕಿಯೂ ಬರಬೇಕು.

ಇನ್ನೊಂದು ಮಾತನ್ನು ಗಮನವಿಟ್ಟು ಓದಿ. ಯುದ್ಧ, ಗಡಿ ಚಕಮಕಿ ಅಥವಾ ಸರ್ಕಾರ ವಿಶೇಷವಾಗಿ ಅಧಿಸೂಚಿಸಿದ ಕಾರ್ಯಾಚರಣೆಯಲ್ಲಿ ಗಾಯಗೊಂಡು ಬೋರ್ಡ್‌ಔಟ್ ಆದವರಿಗೆ ‘ವಾರ್ ಇಂಜುರಿ’ ಪಿಂಚಣಿಯಿದೆ. ಅಲ್ಲಿ ಶೇ 100 ಅಂಗವೈಕಲ್ಯಕ್ಕೆ ಎರಡನೆಯ ಭಾಗ ಕೊನೆಯ ವೇತನದ ಶೇ 30ರ ಬದಲು ಶೇ 100. ವಾಹನ ಅಪಘಾತವೆಂದರೆ ಸಾಧಾರಣವಾಗಿ ಕರ್ತವ್ಯದ ಮೇಲಿದ್ದಾಗಿನ ಅಪಘಾತವೆಂದು ‘ಸಿ’ ವರ್ಗಕ್ಕೆ ಸೇರಿಸುತ್ತಾರೆ. ಆದರೆ ಆ ದಿನ ಯುನಿಟ್ ಯಾವ ಕಾರ್ಯಾಚರಣೆಯ ಕೆಳಗೆ ನಿಯೋಜನೆಯಾಗಿತ್ತು, ಅಣ್ಣನನ್ನು ‘ಬ್ಯಾಟಲ್ ಕ್ಯಾಶುವಲ್ಟಿ’ ಎಂದು ತೋರಿಸಿದ್ದಾರೋ ‘ಫಿಸಿಕಲ್ ಕ್ಯಾಶುವಲ್ಟಿ’ ಎಂದೋ ಎನ್ನುವುದನ್ನು ನೋಡದೆ ಬಿಡಬೇಡಿ. ಈ ಎರಡು ಪದಗಳ ಅಂತರ ಜೀವನಪೂರ್ತಿ ಪಿಂಚಣಿಯಲ್ಲಿ ಉಳಿಯುತ್ತದೆ, ಮಕ್ಕಳ ಶಿಕ್ಷಣದ ಸವಲತ್ತುಗಳಲ್ಲೂ ಕಾಣಿಸುತ್ತದೆ.

ಮೂರನೆಯದು ನಿರಂತರ ಆರೈಕೆ ಭತ್ಯೆ, ಅಂದರೆ ‘ಕಾನ್‌ಸ್ಟೆಂಟ್ ಅಟೆಂಡೆನ್ಸ್ ಅಲೋವೆನ್ಸ್’. ಶೇ 100 ಅಂಗವೈಕಲ್ಯವಿದ್ದು, ಸದಾ ಒಬ್ಬರ ಸಹಾಯ ಬೇಕೆಂದು ವೈದ್ಯಕೀಯ ಮಂಡಳಿ ಬರೆದರೆ ಇದು ಸಿಗುತ್ತದೆ. 2017ರ ಜುಲೈ 1ರಿಂದ ತಿಂಗಳಿಗೆ ರೂ. 6,750 ಎಂದು ನಿಗದಿಯಾಗಿದ್ದು, ತುಟ್ಟಿಭತ್ಯೆ ಪ್ರತಿ ಶೇ 50 ಏರಿದಾಗ ಈ ಮೊತ್ತ ಶೇ 25 ಹೆಚ್ಚುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ದಿನಗಳಿಗೆ ಕೊಡುವುದಿಲ್ಲ. ಮಂಡಳಿಯ ನಡಾವಳಿಯಲ್ಲಿ ಇದಕ್ಕೆಂದೇ ಒಂದು ಪ್ರಶ್ನೆಯಿರುತ್ತದೆ. ಅಲ್ಲಿ ‘ಹೌದು’ ಎಂದಿದ್ದೂ ಪಿಪಿಓದಲ್ಲಿ ಕಾಣದಿದ್ದರೆ ಅದು ಗುಮಾಸ್ತರ ತಪ್ಪು, ತಿದ್ದುಪಡಿ ಪಿಪಿಓ ಹೊರಡಿಸಿ ಸರಿಪಡಿಸಬಹುದು. ಉತ್ತರವೇ ಇಲ್ಲದಿದ್ದರೆ ಮತ್ತೆ ಮಂಡಳಿಯ ಮುಂದೆ ಹೋಗಬೇಕಾಗುತ್ತದೆ.

ರೆಕಾರ್ಡ್ಸ್ ಆಫೀಸಿಗೆ ಸೇನಾ ಸಂಖ್ಯೆ, ಪಿಪಿಓ ಸಂಖ್ಯೆ ಮತ್ತು ಮೇಲಿನ ದಾಖಲೆಗಳ ಪ್ರತಿಗಳೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆಯಿರಿ. ಅದೇ ವಿಷಯವನ್ನು ಸ್ಪರ್ಶ್‌ನಲ್ಲೂ ದೂರಾಗಿ ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನ ಅಂಗವೈಕಲ್ಯ ಪರಿಹಾರ ಬಂದಿದೆಯೇ ಎಂದೂ ವಿಚಾರಿಸಿ, ಅದು ಪಿಂಚಣಿಯಲ್ಲದ ಪ್ರತ್ಯೇಕ ಹಣ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣ ಪತ್ರಕ್ಕಾಗಿ ಅಣ್ಣನನ್ನು ಎತ್ತಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಮೊಬೈಲಿನಲ್ಲಿ ಮುಖ ಗುರುತಿಸುವ ವಿಧಾನದಿಂದ ಮನೆಯಲ್ಲೇ ಮಾಡಬಹುದು.

ಉತ್ತರ 2: ಸೋಮವಾರಪೇಟೆಯಿಂದ ಒಬ್ಬ ಸೈನಿಕನ ಪತ್ನಿ

ಸುಬೇದಾರ್ ಸಾಹೇಬರು ಕಾಗದಪತ್ರದ ವಿಷಯವನ್ನು ಪೂರ್ಣವಾಗಿ ಹೇಳಿದ್ದಾರೆ. ನನ್ನ ಪತಿಗೂ ಹತ್ತೊಂಬತ್ತು ವರ್ಷಗಳ ಹಿಂದೆ ಇದೇ ರೀತಿ ಬೆನ್ನುಹುರಿಗೆ ಪೆಟ್ಟಾಯಿತು. ಆದ್ದರಿಂದ ನಾನು ನಿಮ್ಮ ಅತ್ತಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸಾಧ್ಯವಾದರೆ ಇದನ್ನು ಅವರಿಗೆ ಓದಿ ಹೇಳಿ.

ಸ್ಪರ್ಶಜ್ಞಾನವಿಲ್ಲದ ಮೈಗೆ ಎಲ್ಲಕ್ಕಿಂತ ದೊಡ್ಡ ಶತ್ರು ಹಾಸಿಗೆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎನ್ನುವುದು ಸರಿ, ಆದರೆ ಒಬ್ಬ ಹೆಣ್ಣುಮಗಳು ಅದನ್ನು ವರ್ಷಗಟ್ಟಲೆ ಒಬ್ಬಳೇ ಮಾಡಿದರೆ ಅವಳ ಬೆನ್ನೂ ಮುರಿಯುತ್ತದೆ. ನನ್ನದು ಮುರಿದಿದೆ. ಗಾಳಿ ತುಂಬುವ ಹಾಸಿಗೆ, ಅಳತೆಗೆ ತಕ್ಕ ಗಾಲಿಕುರ್ಚಿ, ಅದರ ಮೇಲಿನ ದಿಂಬು, ಇವನ್ನು ತಜ್ಞವೈದ್ಯರಿಂದ ಬರೆಸಿಕೊಂಡು, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮೂಲಕ ಕೇಳಿ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಯುದ್ಧದಲ್ಲಿ ಅಂಗವಿಕಲರಾದವರು ವಂತಿಗೆ ಕೊಡಬೇಕಾಗಿಲ್ಲ, ಉಳಿದವರು ಒಮ್ಮೆ ಕಟ್ಟಿದರೆ ಸಾಕು. ನಿಮಗೆ ಬೆಳಗಾವಿಯ ಪಾಲಿಕ್ಲಿನಿಕ್ ಇದೆ. ಅಲ್ಲಿಂದ ರೆಫರಲ್ ಪಡೆದು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ. ಮೂತ್ರದ ಸೋಂಕಿನಿಂದ ಚಳಿಜ್ವರ ಬಂದು ರಾತ್ರಿಯಲ್ಲಿ ಹತ್ತಿರದ ಯಾವುದೋ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಪಾಲಿಕ್ಲಿನಿಕ್‌ಗೆ 48 ಗಂಟೆಯೊಳಗೆ ತಿಳಿಸಬೇಕು. ಇದನ್ನು ಮರೆತು ನಾವು ಒಮ್ಮೆ ದೊಡ್ಡ ಮೊತ್ತವನ್ನೇ ಕಳೆದುಕೊಂಡೆವು.

ಇನ್ನು ಖಡಕಿಯ ಮಾತು. ನಿಮ್ಮ ತಾಯಿಯ ಸಂಕಟ ನನಗೆ ಗೊತ್ತು, ನನ್ನ ಅತ್ತೆಯೂ ಇದೇ ಮಾತು ಆಡಿದ್ದರು. ಆದರೆ ಅದು ಬಿಟ್ಟುಬರುವ ಆಶ್ರಮವಲ್ಲ. 1974ರಲ್ಲಿ ಸ್ಥಾಪನೆಯಾದ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿಯೇ ಇರುವ ಸ್ಥಳ. ಕೈಗಳನ್ನೇ ಕಾಲುಗಳಂತೆ ಬಳಸಿ ಹಾಸಿಗೆಯಿಂದ ಕುರ್ಚಿಗೆ ಹೇಗೆ ದಾಟಬೇಕು, ತನ್ನ ಚರ್ಮವನ್ನು ಕನ್ನಡಿ ಹಿಡಿದು ಹೇಗೆ ಪರೀಕ್ಷಿಸಿಕೊಳ್ಳಬೇಕು, ಕ್ಯಾಥೆಟರನ್ನು ತಾನೇ ಹೇಗೆ ನಿಭಾಯಿಸಬೇಕು ಎನ್ನುವುದನ್ನು ನನ್ನ ಪತಿ ಕಲಿತದ್ದು ಅಲ್ಲಿ. ಅವರೇ ಹೇಳುವಂತೆ, ವೈದ್ಯರಿಗಿಂತ ಹೆಚ್ಚು ಕಲಿಸಿದವರು ಪಕ್ಕದ ಹಾಸಿಗೆಯ ಹಳೆಯ ಸೈನಿಕರು. ಹನ್ನೊಂದು ತಿಂಗಳ ನಂತರ ಮನೆಗೆ ಬಂದವರು, ಬಂದ ಮೊದಲ ದಿನವೇ ನನ್ನನ್ನು ಕರೆಯದೆ ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕುಳಿತರು. ಆ ದಿನ ನಮ್ಮ ಅತ್ತೆ ಅತ್ತುಬಿಟ್ಟರು.

ಅದೇ ಖಡಕಿಯಲ್ಲಿ ಅಂಗವಿಕಲ ಸೈನಿಕರಿಗೆ ಉದ್ಯೋಗ ತರಬೇತಿ ಕೊಡುವ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಿಂದ ನಡೆಯುತ್ತಿದೆ. ಕಂಪ್ಯೂಟರಿನಂಥ ಕುಳಿತು ಮಾಡುವ ಕೆಲಸ ಕಲಿಯಬೇಕೆಂದಿದ್ದರೆ ಅದನ್ನೂ ಕೇಳಬಹುದು. 1965ರ ಯುದ್ಧದಲ್ಲಿ ಗುಂಡುಗಳಿಂದ ಗಾಯಗೊಂಡ ಮುರಳಿಕಾಂತ್ ಪೇಟ್ಕರ್ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಭಾರತಕ್ಕೆ ಚಿನ್ನ ತಂದ ಸಂಗತಿಯನ್ನು ಅಣ್ಣನಿಗೆ ಹೇಳಿ. ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ಆದರೆ ಮೂವತ್ತರ ಹರೆಯದ ಗಂಡಸು ಮೇಲಿನ ಜಂತಿಯನ್ನು ನೋಡುತ್ತ ಮಲಗಿ ದಿನ ಕಳೆಯಬಾರದು.

ಮಗಳ ವಿಷಯದಲ್ಲಿ ತಡಮಾಡಬೇಡಿ. ಮೊದಲು ಅವಳ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗೆ 1 ಲಕ್ಷ ರೂಪಾಯಿಯವರೆಗೆ ಇದೆ. ಇಸಿಎಚ್‌ಎಸ್‌ನಲ್ಲಿ ಶಾಶ್ವತ ಅಂಗವೈಕಲ್ಯವಿರುವ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ. ಅಣ್ಣ ಕೇಳಿದ ಪ್ರಶ್ನೆಗೆ ಉತ್ತರವೂ ನಿಯಮದಲ್ಲಿದೆ: ದುಡಿದು ಬದುಕಲಾಗದ ಅಂಗವಿಕಲ ಮಗುವಿಗೆ ತಂದೆತಾಯಿಯ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುತ್ತದೆ. 2021ರಲ್ಲಿ ಇದರ ಆದಾಯ ಮಿತಿಯನ್ನೂ ಸಡಿಲಿಸಿದ್ದಾರೆ. ಮಗುವಿನ ಬೇರೆ ಆದಾಯ ಸಾಮಾನ್ಯ ದರದ ಕುಟುಂಬ ಪಿಂಚಣಿಗಿಂತ ಕಡಿಮೆಯಿದ್ದರೆ ಸಾಕು. ಆದರೆ ಅಣ್ಣ ಬದುಕಿರುವಾಗಲೇ ಮಗಳ ಹೆಸರೂ ಅಂಗವೈಕಲ್ಯವೂ ಸೇನಾ ದಾಖಲೆಯಲ್ಲಿ ಸೇರಿ ಪಿಪಿಓದಲ್ಲಿ ಬರಬೇಕು. ತಂದೆ ತೀರಿಕೊಂಡ ಮೇಲೆ ಇದನ್ನು ಸಾಬೀತುಪಡಿಸಲು ಹೊರಟವರು ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಅವಳಿಗೆ ಹದಿನೆಂಟು ತುಂಬಿದಾಗ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಲು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಆ ಹೆಸರು ನಿಮ್ಮದಾಗಬಹುದು, ಈಗಲೇ ಮನೆಯಲ್ಲಿ ಮಾತನಾಡಿಕೊಳ್ಳಿ.

ಮಗನ ಓದಿಗೆ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಪದವಿಯವರೆಗೆ ಶಿಕ್ಷಣ ಸಹಾಯಧನವಿದೆ. ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಮಕ್ಕಳಿಗೆ ಸಿಗುವ ಇದನ್ನು 2025ರ ನವೆಂಬರ್ 1ರಿಂದ ತಿಂಗಳಿಗೆ 1,000ದಿಂದ 2,000 ರೂಪಾಯಿಗೆ ಏರಿಸಿದ್ದಾರೆ. ಅವನು ಇಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಪದವಿಗೆ ಸೇರಿದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಅಂಗವಿಕಲ ಸೈನಿಕರ ಮಕ್ಕಳಿಗೆ ಅದರಲ್ಲಿ ಆದ್ಯತೆಯಿದೆ. ಎರಡಕ್ಕೂ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯವರು ಪರಿಶೀಲಿಸಿ ಮುಂದಕ್ಕೆ ಕಳುಹಿಸುತ್ತಾರೆ.

ಮನೆಯ ಹೊಸ್ತಿಲು ತೆಗೆಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಅದಕ್ಕಿಂತ ಕಡಿದಾದರೆ ಅವರೊಬ್ಬರೇ ಕುರ್ಚಿ ತಳ್ಳಿಕೊಂಡು ಏರಲಾರರು. ಬಚ್ಚಲುಮನೆಯ ಬಾಗಿಲು ಮೂರು ಅಡಿ ಇರಲಿ. ಅತ್ತಿಗೆಗೆ ನಿದ್ದೆ ಬಾರದಿದ್ದರೆ, ಯಾರೊಂದಿಗೂ ಹೇಳಲಾಗದ ಮಾತು ಎದೆಯಲ್ಲಿ ಕಟ್ಟಿಕೊಂಡಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ನನಗೆ ಬೇಕಾಗಿದ್ದ ಕಾಲದಲ್ಲಿ ಅದು ಇರಲಿಲ್ಲ.

ನಡುವೆ ಒಂದು ಪ್ರಶ್ನೆ: ಹಾಸನದಿಂದ

ಇದೇ ವಿಷಯವಾದ್ದರಿಂದ ಇಲ್ಲೇ ಕೇಳುತ್ತಿದ್ದೇನೆ. ನಮ್ಮ ತಂದೆ ಇಪ್ಪತ್ತನಾಲ್ಕು ವರ್ಷ ಸೇವೆ ಮುಗಿಸಿ 2016ರಲ್ಲಿ ನಿವೃತ್ತರಾದರು. ಬಿಡುಗಡೆಯ ಮಂಡಳಿ ರಕ್ತದೊತ್ತಡಕ್ಕೆ ಶೇ 30 ಅಂಗವೈಕಲ್ಯವೆಂದು ಬರೆದು, ಅದು ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಗೊಂಡದ್ದೂ ಅಲ್ಲ ಎಂದಿತು. ಅಂಗವೈಕಲ್ಯದ ಭಾಗ ತಿರಸ್ಕೃತವಾಯಿತು. ಇಷ್ಟು ವರ್ಷದ ಮೇಲೆ ಕೇಳಬಹುದೇ?

ಉತ್ತರ 3: ವಕೀಲ, ಧಾರವಾಡ

ಕೇಳಬಹುದು. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದೇನೆಂದರೆ, ಸೇನೆಗೆ ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯೂ ನಮೂದಾಗಿರದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ನಂತರ ಬಂದ ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎಂದು ಸಾಬೀತುಪಡಿಸುವ ಹೊಣೆ ಸೈನಿಕನದಲ್ಲ, ಸರ್ಕಾರದ್ದು. ಮಂಡಳಿ ಕಾರಣ ಕೊಡದೆ ಒಂದೇ ಸಾಲಿನಲ್ಲಿ ‘ಸಂಬಂಧವಿಲ್ಲ’ ಎಂದು ಬರೆದಿದ್ದರೆ ಅದು ನಿಮ್ಮ ಪರವಾದ ದೊಡ್ಡ ಅಂಶ. ಪೂರ್ಣ ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇಕಡಾವಾರು ಪ್ರಮಾಣವನ್ನು ಮೇಲಕ್ಕೆ ಸರಿಹೊಂದಿಸುವ ಸೌಲಭ್ಯವಿದೆ ಎಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಯಿತು. ಆದ್ದರಿಂದ ಕೋರಿಕೆ ಒಪ್ಪಿತವಾದರೆ ಶೇ 30 ಎಂಬುದು ಶೇ 50 ಆಗುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ತಡವಾಗಿ ಹೋದವರಿಗೆ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷಗಳಿಗಷ್ಟೇ ಕೊಡುತ್ತಾರೆ, 2008ರ ತರ್ಸೇಮ್ ಸಿಂಗ್ ತೀರ್ಪು ಅದಕ್ಕೆ ಆಧಾರ. ಆದ್ದರಿಂದ ಪ್ರತಿ ತಿಂಗಳ ವಿಳಂಬವೂ ನಿಮ್ಮ ತಂದೆಯ ಹಣವೇ. ಮತ್ತು 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಆ ಬಳಿಕ ಸೇವೆ ಬಿಟ್ಟವರು ಹಳೆಯ ತೀರ್ಪುಗಳನ್ನಷ್ಟೇ ನಂಬಿ ಕೂರಬಾರದು. ನಿಮ್ಮ ತಂದೆ 2016ರವರಾದ್ದರಿಂದ ಹಳೆಯ ನಿಯಮಗಳೇ ಅನ್ವಯಿಸುತ್ತವೆ. ಮೊದಲು ಇಲಾಖೆಯೊಳಗಿನ ಮೇಲ್ಮನವಿ, ಅದು ಫಲಿಸದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ವಕೀಲರ ಖರ್ಚಿಗೆ ಅಂಜಬೇಡಿ. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರ ಕುಟುಂಬಗಳಿಗಾಗಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ನಿಮ್ಮ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಮರಳಿ: ಗೋಕಾಕ ತಾಲ್ಲೂಕಿನ ತಮ್ಮ

ಮೂರು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಸುಬೇದಾರ್ ಸಾಹೇಬರು ಹೇಳಿದಂತೆ ಮೂರೂ ಕಾಗದಗಳನ್ನು ತರಿಸಿ ಅಕ್ಕಪಕ್ಕ ಇಟ್ಟು ನೋಡಿದೆವು. ಸದಾ ಸಹಾಯಕರು ಬೇಕೇ ಎಂಬ ಪ್ರಶ್ನೆಗೆ ಮಂಡಳಿ ‘ಹೌದು, ಜೀವನಪರ್ಯಂತ’ ಎಂದೇ ಬರೆದಿದೆ. ಪಿಪಿಓದಲ್ಲಿ ಅದೂ ಇಲ್ಲ, ಅಂಗವೈಕಲ್ಯದ ಸಾಲೂ ಇಲ್ಲ. ಅಪಘಾತವನ್ನು ‘ಸಿ’ ವರ್ಗಕ್ಕೇ ಸೇರಿಸಿದ್ದಾರೆ. ಯುನಿಟ್ ಆಗ ಯಾವ ಕಾರ್ಯಾಚರಣೆಯಲ್ಲಿತ್ತು ಎಂದು ಕೇಳಿ ಪತ್ರ ಬರೆದಿದ್ದೇವೆ. ರಿಜಿಸ್ಟರ್ಡ್ ಅಂಚೆ ತಲುಪಿದ ಸ್ವೀಕೃತಿ ಬಂದಿದೆ, ಸ್ಪರ್ಶ್‌ನಲ್ಲೂ ದೂರು ದಾಖಲಾಗಿದೆ. ಮಗಳ ಯುಡಿಐಡಿಗೆ ಮುಂದಿನ ಬುಧವಾರ ಜಿಲ್ಲಾ ಆಸ್ಪತ್ರೆಯ ಶಿಬಿರಕ್ಕೆ ಹೋಗಬೇಕು.

ಅಕ್ಕಾ, ನಿಮ್ಮ ಪತ್ರವನ್ನು ಮೊದಲು ಅತ್ತಿಗೆಗೆ ಓದಿದೆ, ಆಮೇಲೆ ಅವರೇ ಅದನ್ನು ತಾಯಿಗೆ ಓದಿ ಹೇಳಿದರು. ಖಡಕಿಗೆ ಹೋಗುತ್ತೇನೆಂದು ಅಣ್ಣ ತಾನೇ ಹೇಳಿದ. ತಾಯಿ ಇನ್ನೂ ಬಾಯಿಬಿಟ್ಟು ಹೂಂ ಎಂದಿಲ್ಲ, ಆದರೆ ಅವನ ಉಣ್ಣೆಯ ಅಂಗಿಗಳನ್ನು ಬಿಸಿಲಿಗೆ ಹಾಕಿದ್ದಾರೆ. ಪುಣೆಗೆ ಎಂಟು ಗಂಟೆಯಾದರೂ ವಾಹನದಲ್ಲಿ ಕೂರಬೇಕು, ಹೇಗೆ ಕರೆದೊಯ್ಯುವುದು ಎನ್ನುವುದಷ್ಟೇ ಉಳಿದಿದೆ.

ಉತ್ತರ 4: ಸೋಮವಾರಪೇಟೆಯಿಂದ ಒಬ್ಬ ಸೈನಿಕನ ಪತ್ನಿ

ಕುಳ್ಳಿರಿಸಿ ಕರೆದೊಯ್ಯಬೇಡಿ, ಮಲಗಿಸಿಕೊಂಡು ಹೋಗುವ ವಾಹನ ನೋಡಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗ್ಗುಲು ಬದಲಿಸಿ, ಹಿಮ್ಮಡಿಯ ಕೆಳಗೆ ಮೆತ್ತನೆಯ ಬಟ್ಟೆಯಿಡಿ, ಬಿಡಿ ಕ್ಯಾಥೆಟರ್ ಮತ್ತು ಮೂತ್ರದ ಚೀಲಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಮಂಡಳಿಯ ನಡಾವಳಿಯ ಮೂಲ ಪ್ರತಿಯನ್ನು ಮನೆಯಲ್ಲಿಟ್ಟು ನಕಲು ಒಯ್ಯಿರಿ. ತಾಯಿಯವರನ್ನೂ ಕರೆದುಕೊಂಡು ಹೋಗಿ. ಅಂಗಳದಲ್ಲಿ ಹುಡುಗರು ಗಾಲಿಕುರ್ಚಿಯಲ್ಲೇ ಬಾಸ್ಕೆಟ್‌ಬಾಲ್ ಆಡುವುದನ್ನು ಅವರೊಮ್ಮೆ ಕಣ್ಣಾರೆ ನೋಡಲಿ.